ಗಂಡನ ಕೈಗೆ ಹೊದಿಸಿದ ತೊಗಲು

ಹೊಳೆ ದಂಡೆಯಲ್ಲಿ ಮೀನು ಹುರಿದು ಮಾರುವವಳಿಗೆ ಹೇಸಿಗೆ ಇರಬಾರದು. ನನಗೂ ಇರಲಿಲ್ಲ. ಹೊಗೆನಕಲ್ಲಿನಲ್ಲಿ ಹರಿಗೋಲು ಹತ್ತುವ ಜಾಗದಿಂದ ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ನನ್ನ ಅಂಗಡಿಯಿತ್ತು. ಅಂಗಡಿಯೆಂದರೆ ಗರಿ ಹೊದಿಸಿದ ಒಂದು ಚಪ್ಪರ, ಕೆಳಗೆ ಒಲೆ, ಒಲೆಯ ಮೇಲೆ ಅಗಲ ಬಾಯಿಯ ಕಬ್ಬಿಣದ ಬಾಣಲೆ. ಬೆಳಗಾದರೆ ಮೀನಿನ ಹೊಟ್ಟೆ ಸೀಳಿ, ಕರುಳು ಎಳೆದು, ಕಿವಿರು ಕಿತ್ತು, ಲೋಳೆಯಾದ ಆ ಕೈಯಲ್ಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಭಾನುವಾರ ಊರೂರಿಂದ ಬಂದ ಗಂಡಸರು ಕುಡಿದು ಅಂಗಡಿಯ ಪಕ್ಕದಲ್ಲೇ ಕಕ್ಕಿದರೆ, ಅದರ ಮೇಲೆ ಒಲೆಯ ಬೂದಿ ಸುರಿದು ಮತ್ತೆ ಮೀನು ಮಗುಚಲು ಕೂರುತ್ತಿದ್ದೆ. ಮಧ್ಯಾಹ್ನ ಅಲ್ಲೇ ಕೂತು ಉಣ್ಣುತ್ತಿದ್ದೆ. ನಾನೇನು ನಾಜೂಕಿನ ಹೊಟ್ಟೆಯವಳಲ್ಲ ಎಂಬುದು ಮೊದಲೇ ಗೊತ್ತಿರಲಿ ಅಂತ ಇದನ್ನು ಹೇಳುತ್ತಿದ್ದೇನೆ.

ನನ್ನ ಗಂಡ ಅದೇ ಹೊಳೆಯಲ್ಲಿ ಎಣ್ಣೆ ತಿಕ್ಕುವ ಕೆಲಸದವರು. ಸ್ನಾನಕ್ಕೆ ಬಂದವರನ್ನು ಬಂಡೆಯ ಮೇಲೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಎಣ್ಣೆ ಹಚ್ಚಿ ನೀವಿ, ತಟ್ಟಿ, ನೆಟಿಗೆ ಮುರಿದು ನೀರಿಗೆ ಕಳಿಸುವುದು. ಅವರ ಕೈ ಅಗಲ, ಬೆರಳು ಉದ್ದ. ಸಂಜೆ ಮನೆಗೆ ಬಂದರೆ ಸೀಗೆಪುಡಿ ಹಾಕಿ ಮೊಣಕೈವರೆಗೂ ಉಜ್ಜಿ ತೊಳೆಯದೆ ತಟ್ಟೆ ಮುಟ್ಟುತ್ತಿರಲಿಲ್ಲ. "ಎಷ್ಟ್ ಜನದ್ ಬೆನ್ನು ಮುಟ್ಟಿರ್ತೀನೋ, ಯಾರ್ಗೇನೈತೋ" ಅನ್ನುತ್ತಿದ್ದರು. ಕಜ್ಜಿಯವರು, ತೊನ್ನಿನವರು, ಬೆನ್ನ ತುಂಬ ಕುರುವಿನವರು ಎಲ್ಲರೂ ಬರುತ್ತಿದ್ದರು. ಯಾರಿಗೂ ಆಗದು ಅಂದವರಲ್ಲ. ಮನೆಗೆ ಬಂದ ಮೇಲೆ ಮಾತ್ರ ತೊಳೆದದ್ದೇ ತೊಳೆದದ್ದು.

ತೊಂಬತ್ತರ ದಶಕದ ಕೊನೆಯ ಕಡೆ, ನೀರು ಹೆಚ್ಚಿದ್ದ ಒಂದು ಭಾನುವಾರ. ವ್ಯಾನು ಮಾಡಿಕೊಂಡು ಬಂದಿದ್ದ ಒಂದು ಗುಂಪು ಅಂಗಡಿಯ ಮುಂದೆ ನಿಂತಿತ್ತು. ಬೆಳಗಿಂದಲೇ ಕುಡಿದಿದ್ದರು. ಅವರಲ್ಲೊಬ್ಬ ಮೀನು ತಾನೇ ಮಗುಚುತ್ತೇನೆ ಅಂತ ನನ್ನ ಕೈಯಿಂದ ಸಟ್ಟುಗ ಕಿತ್ತುಕೊಳ್ಳಲು ಬಂದ. ಬೇಡ ಅಂದೆ. ನಕ್ಕ. ಹಿಂದಿನಿಂದ ಅವನ ಜೊತೆಗಾರ ಆಟಕ್ಕೆ ನೂಕಿದ. ಅವನು ಮುಗ್ಗರಿಸಿ ಒಲೆಗೆ ಬಡಿದುಕೊಂಡ, ಬಾಣಲೆ ನನ್ನ ಮಡಿಲ ಕಡೆಗೆ ವಾಲಿತು. ನನ್ನ ಗಂಡ ಆಗಷ್ಟೇ ಊಟಕ್ಕೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬಲಗೈ ಚಾಚಿ ಬಾಣಲೆಯನ್ನು ಆ ಕಡೆಗೆ ತಳ್ಳಿದರು. ಕುದಿಯುವ ಎಣ್ಣೆ ಅವರ ಮುಂಗೈ ಮೇಲೆ ಹರಿದು ಮೊಣಕೈವರೆಗೂ ಹೋಯಿತು.

ಅವರು ಕೂಗಲೇ ಇಲ್ಲ. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಕೂಗಿದವನು ಆ ಕುಡುಕ. ಅವನ ಪ್ಯಾಂಟಿನ ಮೇಲೆ ನಾಲ್ಕು ಹನಿ ಬಿದ್ದಿತ್ತು. "ಪ್ಯಾಂಟು ಪೋಚ್ಚು, ಪುದು ಪ್ಯಾಂಟು" ಅಂತ ಹೊಸ ಪ್ಯಾಂಟಿಗಾಗಿ ಅಳುತ್ತಿದ್ದ. ಅವನ ಜೊತೆಯವರು ಅವನನ್ನು ಎಳೆದುಕೊಂಡು ಹೋಗಿ ವ್ಯಾನು ಹತ್ತಿಸಿದರು. ನೆಲಕ್ಕೆ ಬಿದ್ದ ಮೀನಿನ ಒಂದು ತುಂಡನ್ನು ಒಬ್ಬ ಎತ್ತಿಕೊಂಡು, ಮಣ್ಣು ಊದಿ, ಬಾಯಿಗೆ ಹಾಕಿಕೊಂಡೇ ಹೋದ. ಅವನ ಮುಖ ನೆನಪಿಲ್ಲ, ಅಗಿಯುತ್ತಿದ್ದ ದವಡೆ ನೆನಪಿದೆ.

ಪೆನ್ನಾಗರಂ ದಾಟಿ ಧರ್ಮಪುರಿಯ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಗಾಯವೇನೋ ಬಹಳ ತಿಂಗಳಿಗೆ ಮುಚ್ಚಿತು. ಆದರೆ ಮುಚ್ಚುತ್ತಾ ಮುಚ್ಚುತ್ತಾ ಮುಂಗೈ ಮೇಲಿನ ತೊಗಲು ಬಿಸಿಲಿಗೆ ಹಾಕಿದ ಚರ್ಮದ ಹಾಗೆ ಸೆಳೆದುಕೊಂಡಿತು. ಬೆರಳುಗಳು ಬುಡದಲ್ಲಿ ಹಿಂದಕ್ಕೆ ಸೆಟೆದು, ತುದಿಯಲ್ಲಿ ಒಳಕ್ಕೆ ಬಾಗಿದವು. ಕೋಳಿಯ ಕಾಲು ಹಿಡಿದು ನೋಡಿದ್ದರೆ ಗೊತ್ತಾಗುತ್ತದೆ, ಹಾಗೆ. ಎಣ್ಣೆ ತಿಕ್ಕುವುದಿರಲಿ, ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಎಡಗೈಯಲ್ಲಿ ಮಾಡುತ್ತೇನೆ ಅಂತ ಬಂಡೆಗೆ ಹೋದರೆ, ಬಂದವರು ಆ ಕೈ ನೋಡಿ ಪಕ್ಕದವನ ಹತ್ತಿರ ಹೋಗಿ ಮಲಗುತ್ತಿದ್ದರು.

ಸೇಲಂನಲ್ಲಿ ಒಬ್ಬ ಡಾಕ್ಟರು ಇಂಥ ಕೈಗಳನ್ನು ಬಿಡಿಸಿ ಸರಿಮಾಡುತ್ತಾರೆ ಎಂದು ಹರಿಗೋಲಿನವರೊಬ್ಬರು ಹೇಳಿದರು. ತೊಪ್ಪೂರು ಘಾಟಿ ಇಳಿದು ಹೋದೆವು. ಅದು ಬಡವರಿಗೆ ಧರ್ಮದ ವಾರ್ಡೂ ಇದ್ದ ಒಂದು ಖಾಸಗಿ ಆಸ್ಪತ್ರೆ. ಡಾಕ್ಟರು ವಯಸ್ಸಾದವರು, ಸಿಡುಕಿನವರಂತೆ ಕಾಣುತ್ತಿದ್ದರು. ಕೈ ತಿರುಗಿಸಿ ಮುರುಗಿಸಿ ನೋಡಿದರು. ಅವರು ಮಾತಾಡಿದ್ದು ತಮಿಳಿನಲ್ಲಿ. ನನ್ನ ಅವ್ವನ ತವರು ಹೊಳೆಯಾಚೆ, ಕರ್ನಾಟಕದ ಕಡೆ. ಅಜ್ಜಿಯ ಮನೆಯಲ್ಲಿದ್ದು ಏಳನೆಯ ತರಗತಿವರೆಗೆ ಕನ್ನಡ ಓದಿದವಳು ನಾನು. ಅವರು ಹೇಳಿದ್ದನ್ನು ನನಗೆ ನೆನಪಿರುವ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ.

"ಸೆಳೆದುಕೊಂಡಿರೋ ತೊಗಲನ್ನ ಕುಯ್ದು ಬೆರಳು ಬಿಡಿಸ್ತೀನಿ. ಬಿಡಿಸಿದ ಮೇಲೆ ಅಲ್ಲಿ ದೊಡ್ಡ ಹಸಿ ಜಾಗ ಉಳಿಯುತ್ತೆ. ಅದಕ್ಕೆ ಏನಾದ್ರೂ ಹೊದಿಸ್ಬೇಕು. ತೊಡೆಯಿಂದ ತೆಳ್ಳಗೆ ತೊಗಲು ತೆಗೆದು ಹಾಕಿದ್ರೆ ಅದು ಮತ್ತೆ ಸೆಳೆಯುತ್ತೆ. ಈಗ ಹೊರದೇಶದಿಂದ ಒಂದು ಕೃತಕ ತೊಗಲು ಬಂದಿದೆ. ನನ್ನ ಹತ್ತಿರ ಸ್ವಲ್ಪ ಇದೆ. ಮೇಲ್ಗಡೆ ರಬ್ಬರಿನಂಥ ಪದರ, ಕೆಳಗಡೆ ದನದಿಂದ ತೆಗೆದ ಸತ್ವದಲ್ಲಿ ಮಾಡಿದ ಪದರ. ಮೂರು ವಾರದಲ್ಲಿ ಕೆಳಗಿನ ಪದರದೊಳಕ್ಕೆ ನಿನ್ನ ರಕ್ತನಾಳ ಬೆಳೆದು ಅದು ನಿನ್ನದೇ ಮಾಂಸ ಆಗುತ್ತೆ. ಆಮೇಲೆ ಮೇಲಿನ ರಬ್ಬರು ಸುಲಿದು, ಅದರ ಮೇಲೆ ನಿನ್ನ ತೊಡೆಯ ತೊಗಲನ್ನ ಬಾಳೆನಾರಿನಷ್ಟು ತೆಳ್ಳಗೆ ಹಾಕ್ತೀನಿ. ಕೈ ಮೆತ್ತಗೆ ಉಳಿಯುತ್ತೆ."

"ದನದ್ದಾ?" ಅಂದರು ನನ್ನ ಗಂಡ.

"ಹೂಂ. ಬೇಡ ಅಂದ್ರೆ ಬೇಡ."

ನನ್ನ ಗಂಡ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. "ಕೈ ಬಂದ್ರೆ ಸಾಕು ಐಯಾ" ಅಂದರು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ ಹೇಳಿದ್ದು ಇದು: "ಇದರಲ್ಲಿ ನನಗಿರೋ ಭಯ ಒಂದೇ, ಕ್ರಿಮಿ. ನಿನ್ನದೇ ತೊಗಲಾದ್ರೆ ಹಿಡಿದ ಮೇಲೆ ಅದರಲ್ಲಿ ರಕ್ತ ಓಡುತ್ತೆ, ರಕ್ತ ಜಗಳ ಮಾಡುತ್ತೆ. ಇದರಲ್ಲಿ ಮೊದಮೊದಲು ರಕ್ತವೇ ಇರಲ್ಲ. ಕ್ರಿಮಿ ಒಳಗೆ ಸೇರಿದ್ರೆ ಅದಕ್ಕೆ ಮನೇನೂ ಸಿಕ್ಕಿತು, ಊಟಾನೂ ಸಿಕ್ಕಿತು. ಮೇಲೆ ರಬ್ಬರು ಮುಚ್ಚಿರೋದ್ರಿಂದ ಕೀವು ಹೊರಗೆ ಬರೋದಕ್ಕೂ ದಾರಿ ಇಲ್ಲ. ಕಟ್ಟು ನೆನೀಬಾರದು. ನಾನು, ನನ್ನ ನರ್ಸು ಬಿಟ್ಟು ಯಾರೂ ಬಿಚ್ಚಬಾರದು. ತಿಳೀತಾ?" ತಿಳಿಯಿತು ಅಂದೆ.

ಆಪರೇಷನ್ ಆಯಿತು. ಮೊದಲ ಸಲ ಕಟ್ಟು ಬದಲಿಸುವಾಗ ನಾನು ಗಂಡನ ಭುಜ ಹಿಡಿದು ನಿಂತಿದ್ದೆ. ಬೆರಳು ನೇರವಾಗಿದ್ದವು! ಕೆಳಗೆ ಒಂದು ಪ್ಲಾಸ್ಟರಿನ ಹಲಗೆ, ಅದರ ಮೇಲೆ ಐದೂ ಬೆರಳು ಬಿಡಿಸಿಟ್ಟಿದ್ದರು. ಮುಂಗೈ ಮೇಲೆ ನಿರಿಗೆಯಿಲ್ಲದ ಗಾಜಿನಂಥ ಒಂದು ಹಾಳೆ, ಸುತ್ತಲೂ ಸಣ್ಣ ಸಣ್ಣ ಪಿನ್ನು. ಹಾಳೆಯ ಅಡಿಯಲ್ಲಿ ತಿಳಿಗೆಂಪು ಬಣ್ಣ. ಚೆನ್ನಾಗಿತ್ತು ಅನ್ನಲಾರೆ. ತೊಗಲಿಲ್ಲದ ಮನುಷ್ಯನನ್ನು ಗಾಜಿನೊಳಗಿಂದ ನೋಡಿದಂತೆ ಇತ್ತು. ಆದರೂ ಡಾಕ್ಟರು ಖುಷಿಯಾಗಿದ್ದರು. ಸಿಡುಕಿನ ಮುಖದಲ್ಲಿ ನಗು ಬಂದರೆ ಬೇರೆಯವರೇ ಅನ್ನಿಸುತ್ತಿತ್ತು. "ಹಿಡೀತಾ ಇದೆ" ಅಂದರು.

ವಾರ್ಡಿನ ಮಾತು ಹೇಳಬೇಕು. ಹೆಸರಿಗೆ ಅದು ಸುಟ್ಟಗಾಯದವರ, ಆಪರೇಷನ್ ಆದವರ ವಾರ್ಡು. ಬಾಗಿಲಲ್ಲಿ ಚಪ್ಪಲಿ ಬಿಡಿ, ಕೈ ತೊಳೆಯಿರಿ ಅಂತ ತಮಿಳಿನಲ್ಲಿ ಬರೆದ ಬೋರ್ಡು. ಬೋರ್ಡಿನ ಕೆಳಗಿನ ನಲ್ಲಿಯಲ್ಲಿ ನೀರು ಬಂದರೆ ಬಂತು. ಸಂಜೆಯಾದರೆ ಒಬ್ಬೊಬ್ಬ ರೋಗಿಯ ಸುತ್ತ ಒಂದೊಂದು ಊರೇ ಕೂರುತ್ತಿತ್ತು. ಮಂಚದ ಮೇಲೇ ಇಡ್ಲಿ ಪೊಟ್ಟಣ ಬಿಚ್ಚುವರು, ಸಾಂಬಾರು ಚೆಲ್ಲುವರು, ಅದನ್ನು ರೋಗಿಯ ಹೊದಿಕೆಯಲ್ಲೇ ಒರೆಸುವರು. ಮೂಲೆಯ ಬಕೆಟ್ಟಿನಲ್ಲಿ ಬಿಚ್ಚಿದ ಕಟ್ಟುಗಳು, ಅದರ ಮೇಲೆ ನೊಣ. ಆ ನೊಣ ಎದ್ದು ಎಲ್ಲಿಗೆ ಹೋಗುತ್ತದೆ ಅಂತ ನಾನು ಕಣ್ಣಲ್ಲೇ ಹಿಂಬಾಲಿಸುತ್ತಿದ್ದೆ. ನಮ್ಮ ಮಂಚದ ಹತ್ತಿರ ಬಂದರೆ ಸೆರಗಿನಲ್ಲಿ ಬೀಸಿ ಓಡಿಸುತ್ತಿದ್ದೆ. ದಿನವೆಲ್ಲ ಅದೇ ಕೆಲಸ.

ಎರಡನೆಯ ವಾರದಲ್ಲಿ ನನ್ನ ಗಂಡನ ಅಣ್ಣ, ನನ್ನ ಭಾವ, ಊರಿನ ಇಬ್ಬರನ್ನು ಕರೆದುಕೊಂಡು ನೋಡಲು ಬಂದರು. ಭಾವ ಕೆಟ್ಟವರಲ್ಲ. ತಮ್ಮ ಎಂದರೆ ಪ್ರಾಣ. ಅಪ್ಪ ಸತ್ತ ಮೇಲೆ ಇವರನ್ನು ಸಾಕಿದವರೇ ಅವರು. ಹೊಗೆಸೊಪ್ಪು ಅಗಿಯುವುದು ಬಿಟ್ಟರೆ ಬೇರೆ ಚಟವಿರಲಿಲ್ಲ. ಆದರೆ ಆ ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ, ಬಾಯೊಳಗೆ ಬೆರಳು ಹಾಕಿ ದವಡೆಯಲ್ಲಿ ಒತ್ತಿ, ಬೆರಳನ್ನು ಪಂಚೆಗೆ ಒರೆಸುವರು. ಅವರ ಪಂಚೆಯ ಬಲಭಾಗ ಯಾವಾಗಲೂ ಕಂದು.

ಅವರನ್ನು ಕೂರಿಸಿ ಕಾಫಿ ತರಲು ಕೆಳಗೆ ಹೋದೆ. ಕ್ಯಾಂಟೀನಿನಲ್ಲಿ ಜನವಿತ್ತು. ಚೊಂಬಿನಲ್ಲಿ ಕಾಫಿ ಹಿಡಿದು ಮೇಲೆ ಬಂದಾಗ ನಮ್ಮ ಮಂಚದ ಸುತ್ತ ಗುಂಪು. ಊರಿನವರಿಬ್ಬರ ಜೊತೆ ಪಕ್ಕದ ಮಂಚಗಳ ಕಡೆಯವರೂ ಸೇರಿದ್ದರು. ನುಗ್ಗಿ ನೋಡಿದೆ. ಕಟ್ಟು ಬಿಚ್ಚಿ ಮಂಚದ ಮೇಲೆ ಹಾವಿನ ಪೊರೆಯ ಹಾಗೆ ಬಿದ್ದಿತ್ತು. ಭಾವ ತಮ್ಮನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಲ್ಲಿ ಹಾಳೆಯ ಅಂಚು ಒತ್ತಿ ಒತ್ತಿ ತೋರಿಸುತ್ತಿದ್ದರು.

"ಮುಟ್ ನೋಡ್ರೋ, ರಬ್ಬರು. ಫಾರಿನ್ ತೊಗಲು. ಒಳಗ್ ರಕ್ತ ಕಾಣ್ತೈತಲ್ಲ, ಪಾರ್ತೀಂಗಳಾ? ನನ್ ತಮ್ಮನ್ ಬುಟ್ರೆ ಧರ್ಮಪುರಿ ಜಿಲ್ಲೆನಾಗೆ ಯಾರ್ಗೂ ಆಕಿಲ್ಲ ಇದ್ನ."

ಊರಿನ ಒಬ್ಬಾತ ತೋರುಬೆರಳಿನಲ್ಲಿ ಮುಟ್ಟಿಯೂ ನೋಡಿದ. ನನ್ನ ಗಂಡ ನಗುತ್ತಿದ್ದರು! ಒಂದು ವರ್ಷದಿಂದ ಯಾರಿಗೂ ತೋರಿಸದೆ ಟವೆಲಿನಡಿ ಬಚ್ಚಿಟ್ಟುಕೊಂಡಿದ್ದ ಕೈ ಅದು. ಮೊದಲ ಸಲ ಜನ ಅದನ್ನು ನೋಡಲು ಕತ್ತು ಚಾಚುತ್ತಿದ್ದರು.

"ಏನ್ ಮಾಡ್ತಿದ್ದೀರಿ ಭಾವ! ಬುಡ್ರಿ, ಕೈ ಬುಡ್ರಿ!" ಅಂತ ಕಿರುಚಿದೆ. ಕಾಫಿ ನನ್ನ ಕಾಲ ಮೇಲೆ ಚೆಲ್ಲಿತು.

"ಯಾಕವ್ವಾ ಇಂಗಾಡ್ತೀಯ? ನೋಡಿದ್ರೆ ಸವ್ದೋಗ್ತೈತಾ? ಕಟ್ತೀವಲ್ಲ ತಿರ್ಗ" ಅಂದರು ಭಾವ, ಬಾಯೊಳಗಿನ ಹೊಗೆಸೊಪ್ಪನ್ನು ಆ ದವಡೆಯಿಂದ ಈ ದವಡೆಗೆ ತಳ್ಳುತ್ತಾ. ಬಟ್ಟೆ ಎತ್ತಿಕೊಂಡು ಸುತ್ತಲು ಶುರುಮಾಡಿದರು. ಅವರ ಉಗುರಿನ ಸಂದಿಯ ಕಂದು ಗೆರೆ ಹಾಳೆಯ ಅಂಚಿಗೆ ತಾಗುತ್ತಿದ್ದುದು ನನಗೆ ಇಂದಿಗೂ ಕಾಣುತ್ತದೆ. ಅವರ ಕೈ ತಳ್ಳಿ ಹಾಕಿ ನರ್ಸಮ್ಮನನ್ನು ಕರೆಯಲು ಓಡಿದೆ.

ನರ್ಸಮ್ಮ ಬಂದವರೇ "ಯಾರುಮೇ ತೊಡಕ್ಕೂಡಾದು, ಮುಟ್ಟಲೇಬಾರದು ಅಂತ ಎಷ್ಟು ಸಲ ಹೇಳ್ಬೇಕು" ಅಂತ ತಮಿಳು, ಕನ್ನಡ ಎರಡರಲ್ಲೂ ಬೈದರು. ಎಲ್ಲರನ್ನೂ ಓಡಿಸಿ, ಕೈಯನ್ನು ಔಷಧಿಯಲ್ಲಿ ಒರೆಸಿ ಹೊಸ ಕಟ್ಟು ಕಟ್ಟಿದರು. ಡಾಕ್ಟರಿಗೂ ಹೇಳಿದರು. ಡಾಕ್ಟರು ಬಂದು ಕಟ್ಟು ಬಿಚ್ಚಿಸಿ ಅಂಚುಗಳನ್ನು ದೀಪ ಹಿಡಿದು ನೋಡಿದರು. ಒಂದು ಮೂಲೆಯ ಪಿನ್ನು ಸಡಿಲವಾಗಿತ್ತು. ಅದನ್ನು ಸರಿಮಾಡಿ ಹೊರಟುಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಕೆಲವು ದಿನ ಕಳೆದವು. ಒಂದು ಬೆಳಗ್ಗೆ ನನ್ನ ಗಂಡ ಚಳಿ ಅಂದರು. ಮೈ ಕಾದಿತ್ತು. ಬಗ್ಗಿ ಹೊದಿಕೆ ಸರಿಮಾಡುವಾಗ ಒಂದು ವಾಸನೆ ಬಂತು. ನಾರುವ ವಾಸನೆಯಾಗಿದ್ದರೆ ನನಗೆ ಅಷ್ಟು ಆಗುತ್ತಿರಲಿಲ್ಲ. ಕೊಳೆತ ಮೀನಿನ ವಾಸನೆಯಲ್ಲಿ ಬೆಳೆದವಳು ನಾನು. ಇದು ಸಿಹಿ ವಾಸನೆ. ಬುಟ್ಟಿಯ ತಳದಲ್ಲಿ ಒಡೆದು ಹುಳಿಯಾಗುತ್ತಿರುವ ದ್ರಾಕ್ಷಿಯ ಹಾಗೆ. ಎಲ್ಲೋ ಹಣ್ಣಿಟ್ಟಿದ್ದಾರೆ ಅಂದುಕೊಂಡು ಮಂಚದ ಕೆಳಗೆ ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ತಲೆ ಎತ್ತಿದೆ, ಆ ಸಿಹಿ ಬರುತ್ತಿದ್ದುದು ನನ್ನ ಗಂಡನ ಕೈಯಿಂದ.

ಡ್ರೆಸ್ಸಿಂಗ್ ಕೋಣೆಯಲ್ಲಿ ಡಾಕ್ಟರು ಕಟ್ಟು ಬಿಚ್ಚಿದರು. ಬಟ್ಟೆಯ ಒಳಪದರ ಹಸಿರಾಗಿತ್ತು, ತಾಮ್ರದ ಪಾತ್ರೆಗೆ ಹತ್ತುವ ಕಿಲುಬಿನ ಹಸಿರು. ಆ ಗಾಜಿನಂಥ ಹಾಳೆ ಈಗ ಕೈಗೆ ಅಂಟಿರಲಿಲ್ಲ. ಉಬ್ಬಿತ್ತು. ಡಾಕ್ಟರು ಬೆರಳಿಂದ ಒಂದು ಕಡೆ ಒತ್ತಿದರೆ ಅಡಿಯಲ್ಲಿದ್ದದ್ದು ಇನ್ನೊಂದು ಕಡೆಗೆ ಹರಿಯುತ್ತಿತ್ತು. ಹಾಲಿನ ಪ್ಯಾಕೆಟ್ಟನ್ನು ಒತ್ತಿದಂತೆ. ಕತ್ತರಿಯಲ್ಲಿ ಸಣ್ಣದೊಂದು ತೂತು ಮಾಡಿದರು. ಹಸಿರು ನೀರು ಉಕ್ಕಿ ಪ್ಲಾಸ್ಟರಿನ ಹಲಗೆಯ ಮೇಲೆ ಹರಿದು, ಬೆರಳ ಸಂದಿಗಳಲ್ಲಿ ಇಳಿದು, ತಟ್ಟೆಗೆ ತೊಟ್ಟಿಕ್ಕಿತು. ಸಿಹಿ ವಾಸನೆ ಕೋಣೆ ತುಂಬಿತು. ನನ್ನ ನಾಲಿಗೆಯ ಮೇಲೇ ಅದರ ರುಚಿ ಕೂತಂತಾಯಿತು. ಹೊರಗೆ ಓಡಿ ಗೋಡೆ ಹಿಡಿದು ಕಕ್ಕಿದೆ. ಮತ್ತೆ ಮತ್ತೆ ಬಂತು, ಬೆಳಗಿಂದ ಏನೂ ತಿಂದಿರದಿದ್ದರೂ ಬಂತು.

ಬಾಯಿ ತೊಳೆದು ಒಳಗೆ ಹೋದಾಗ ನನ್ನ ಗಂಡ ಗೋಡೆ ಕಡೆ ಮುಖ ತಿರುಗಿಸಿಕೊಂಡಿದ್ದರು. "ಕತ್ರಿಸ್ಬುಡಿ ಐಯಾ ಇದ್ನ. ನಂಗೆ ಬ್ಯಾಡ. ನಾರ್ತೈತೆ. ನಂದೇ ನಂಗ್ ನಾರ್ತೈತೆ" ಅನ್ನುತ್ತಿದ್ದರು.

ಡಾಕ್ಟರು ಹಾಳೆಯಲ್ಲಿ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಉಳಿಸಲು ನೋಡಿದರು. ನೀರು ಬೆರೆಸಿದ ವಿನಿಗರಿನಲ್ಲಿ ಅದ್ದಿದ ಬಟ್ಟೆಯನ್ನು ದಿನಕ್ಕೆ ಹಲವು ಸಲ ಇಡುವುದು. ಈ ಹಸಿರು ಕ್ರಿಮಿಗೆ ಹುಳಿ ಕಂಡರಾಗದಂತೆ. ಸೂಜಿಮದ್ದು ಬೇರೆ. ಆ ಸಿಹಿಗೆ ವಿನಿಗರಿನ ಹುಳಿ ಸೇರಿ ಹುಟ್ಟಿದ ವಾಸನೆ ಇದೆಯಲ್ಲ, ಅದಕ್ಕೆ ನನ್ನ ಬಳಿ ಹೆಸರಿಲ್ಲ. ಇವತ್ತಿಗೂ ಯಾರ ಮನೆಯಲ್ಲಾದರೂ ಉಪ್ಪಿನಕಾಯಿಗೆ ವಿನಿಗರು ಹಾಕಿದ್ದರೆ ನಾನು ಎದ್ದು ಹೊರಗೆ ಬರುತ್ತೇನೆ. ಎರಡು ದಿನಕ್ಕೆ ಉಳಿದ ಭಾಗವೂ ಹಸಿರಾಯಿತು. ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿ ಪೂರ್ತಿ ತೆಗೆದರು. ತೆಗೆಯುವುದೇನು, ನೆನೆದ ಕಾಗದದ ಹಾಗೆ ತಾನೇ ಬಂತಂತೆ. ಅಲ್ಲಲ್ಲಿ ಹಿಡಿದಿದ್ದ ಹೊಸ ಮಾಂಸವೂ ಅದರ ಜೊತೆಗೇ ಹೋಯಿತು.

ಡಾಕ್ಟರು ಹೊರಗೆ ಬಂದು ಕೈಗವಸು ಕಿತ್ತು ಬಕೆಟ್ಟಿಗೆ ಎಸೆದರು. ನಾನು ಕೇಳಿಯೇಬಿಟ್ಟೆ. "ನಮ್ ಭಾವ ಮುಟ್ಟಿದ್ದಕ್ಕಾ ಐಯಾ?"

"ಗೊತ್ತಿಲ್ಲಮ್ಮ" ಅಂದರು. "ಅವರ ಬೆರಳಿಂದ ಬಂದಿರಬಹುದು. ನಮ್ಮ ನಲ್ಲಿ ನೀರಿಂದ ಬಂದಿರಬಹುದು. ಥಿಯೇಟರಲ್ಲೇ ಬಂದಿರಬಹುದು, ನಿನ್ನ ಗಂಡನ ಮೈ ಮೇಲೇ ಇದ್ದಿರಬಹುದು. ಎಲ್ಲಾ ಸರಿಯಾಗಿ ಮಾಡಿದ್ರೂ ಕೆಲವರಿಗೆ ಆಗುತ್ತೆ. ಈ ವಾರ್ಡಲ್ಲಿ ಇದನ್ನ ಹಾಕಬಾರದಿತ್ತು. ಅದು ನನ್ನ ತಪ್ಪು." ಅಷ್ಟು ಹೇಳಿ, ಅವರೂ ಆ ಬಕೆಟ್ಟಿನ ಕಡೆ ಮೂಗು ಮುರಿದು ಹೋದರು. ಒಬ್ಬ ಡಾಕ್ಟರಿಗೆ ಹೇಸಿಗೆಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾವ ಮತ್ತೆ ಬಂದರು, ಈ ಸಲ ಕಿತ್ತಳೆ ತಂದು. ಮಂಚದ ತುದಿಯಲ್ಲಿ ಕೂತು, ತಾವೇ ಸುಲಿದು, ತೊಳೆ ಬಿಡಿಸಿ ತಮ್ಮನ ಬಾಯಿಗೆ ಇಟ್ಟರು. "ದನದ್ದು ಆಗ್ಬರ್ನಿಲ್ಲ ಕಣ್ಲಾ. ದೇವ್ರು ಒಪ್ನಿಲ್ಲ" ಅಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು.

"ದೇವ್ರಲ್ಲ ಭಾವ, ನಿಮ್ ಬೆರ್ಳು" ಅಂದೆ. ಅನ್ನಬಾರದು ಅಂತ ಎಷ್ಟೋ ತಡೆದಿದ್ದೆ.

ಭಾವ ತಮ್ಮ ಬೆರಳನ್ನೇ ನೋಡಿಕೊಂಡರು. ಕಿತ್ತಳೆಯ ರಸ ಒಸರಿ ಮಣಿಕಟ್ಟಿಗೆ ಇಳಿಯುತ್ತಿತ್ತು. "ಅಣ್ಣನ್ ಯಾಕಂತೀಯ ಅಮ್ಮೀ?" ಅಂದರು ನನ್ನ ಗಂಡ ಮೆಲ್ಲಗೆ. "ತೋರ್ಸು ಅಂದೋನು ನಾನಲ್ವಾ?" ಅದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಆ ಬೆರಳುಗಳ ಮೇಲಿನ ಹೇಸಿಗೆ ಹೋಗಲಿಲ್ಲ. ಗಂಡನ ಬಾಯಿಂದ ಆ ತೊಳೆಯನ್ನು ಹೊರಗೆ ಎಳೆದು ಎಸೆಯಬೇಕು ಅನ್ನಿಸುತ್ತಿತ್ತು.

ಮುಂದಿನದು ತೊಳೆಯುವುದು, ಕಟ್ಟುವುದು, ಮತ್ತೆ ತೊಳೆಯುವುದು. ಗಾಯ ಕೆಂಪಗಾಗುವವರೆಗೂ ಡಾಕ್ಟರು ಕಾದರು. ಕಡೆಗೆ ನನ್ನ ಗಂಡನ ತೊಡೆಯಿಂದಲೇ ತೊಗಲು ತೆಗೆದು ಹಾಕಿದರು. ಅದು ಹಿಡಿಯಿತು. ಆ ದಿನಗಳಲ್ಲಿ ನನ್ನ ಗಂಡ ಸರಿಯಾಗಿ ಉಣ್ಣಲಿಲ್ಲ. ನಾನು ತುತ್ತು ಮಾಡಿ ಇಟ್ಟರೆ ಮೂಸಿ ನೋಡುತ್ತಿದ್ದರು. "ನಿನ್ ಕೈನಾಗೂ ಐತೆ ಆ ವಾಸ್ನೆ" ಅನ್ನುತ್ತಿದ್ದರು. ಇರಲಿಲ್ಲ. ಸೋಪು ಹಚ್ಚಿ ಹಚ್ಚಿ ನನ್ನ ಅಂಗೈ ಬಿರುಕು ಬಿಟ್ಟಿತ್ತು. ಆದರೂ ಅವರು ಅಂದ ಮೇಲೆ ನನಗೂ ಬಂದಂತಾಗಿ ಇನ್ನೊಮ್ಮೆ ತೊಳೆದು ಬರುತ್ತಿದ್ದೆ.

ಊರಿಗೆ ಬಂದೆವು. ಕೈ ಅರ್ಧ ಬಂದಿತ್ತು. ಲೋಟ ಹಿಡಿಯಬಹುದು, ಗುಂಡಿ ಹಾಕಬಹುದು, ಅಂಗೈ ಮಾತ್ರ ನೆಲದ ಮೇಲೆ ಚಪ್ಪಟೆ ಕೂರದು. ಮುಂಗೈ ಮೇಲಿನ ತೊಗಲು ತೇಪೆ ತೇಪೆ, ಒಂದು ಕಡೆ ಬಿಳಿ, ಒಂದು ಕಡೆ ನೇರಳೆ, ಕೂದಲಿಲ್ಲ, ಬೆವರಿಲ್ಲ. ಬಂಡೆಗೆ ಹೋದರು. ಮೊದಲ ದಿನ ಒಬ್ಬ ಎಳೆಯ ವಯಸ್ಸಿನವನು ಅಂಗಿ ಬಿಚ್ಚಿ ಮಲಗಿದ. ಇವರು ಎಣ್ಣೆ ತಟ್ಟಿದ ಕೂಡಲೇ ತಿರುಗಿ ನೋಡಿ, ಎದ್ದು, ಭುಜದ ಮೇಲಿನ ಎಣ್ಣೆಯನ್ನು ಟವೆಲಿನಲ್ಲಿ ಒರೆಸಿ ಒರೆಸಿ ಹೋದ. ಹಾವು ಹರಿದ ಜಾಗ ಒರೆಸಿದಂತೆ. ಇವರು ನಕ್ಕರಂತೆ. ಪಕ್ಕದ ಬಂಡೆಯವರು ಹೇಳಿದರು. ಮನೆಗೆ ಬಂದವರು ಸೀಗೆಪುಡಿ ಕೇಳಲಿಲ್ಲ. ಹಾಗೇ ಮಲಗಿದರು.

ಆ ಎಳೆಯವನನ್ನು ಬೈಯುವ ಬಾಯಿ ನನಗಿರಲಿಲ್ಲ. ಒಂದು ಸಂಜೆ ನನ್ನ ಹೆಗಲ ಮೇಲೆ ಆ ಕೈ ಬಂದು ಕೂತಾಗ ನನ್ನ ಮೈ ತಾನಾಗಿ ಹಿಂದಕ್ಕೆ ಸರಿಯಿತು. ಹಲ್ಲಿಯ ಹೊಟ್ಟೆ ತಾಗಿದಂತೆ, ತಣ್ಣಗೆ, ನುಣ್ಣಗೆ. ಅವರು ಕೈ ತೆಗೆದುಕೊಂಡರು. ಒಲೆಯ ಮೇಲಿನ ಸಾರು ಉಕ್ಕಿತು, ಅದನ್ನು ಇಳಿಸಲು ಎದ್ದೆ.

ಡಾಕ್ಟರು ಹೊಸ ತೊಗಲಿಗೆ ದಿನವೂ ಕೊಬ್ಬರಿ ಎಣ್ಣೆ ಹಚ್ಚಿ ನೀವಬೇಕು, ಇಲ್ಲದಿದ್ದರೆ ಮತ್ತೆ ಸೆಳೆಯುತ್ತದೆ ಅಂದಿದ್ದರು. ಅದನ್ನು ನಾನೇ ಮಾಡಬೇಕಿತ್ತು. ಮೊದಮೊದಲು ಬೇರೆ ಕಡೆ ನೋಡುತ್ತಾ ನೀವುತ್ತಿದ್ದೆ. "ಅಂಗಲ್ಲಮ್ಮೀ. ಮೇಲ್ಮೇಲ್ ಒರಸ್ಬ್ಯಾಡ. ಎಬ್ಬೆಟ್ಟು ಊರು, ಸುತ್ತ ತಿರ್ಗಿಸು. ಆಂ, ಅಂಗೆ" ಅಂತ ಅವರೇ ಹೇಳಿಕೊಡುವರು. ಬೆರಳ ಬುಡದಲ್ಲಿ ಗಂಟುಗಳಿದ್ದವು. ಒತ್ತಿದರೆ ನೋವಾ ಮಾವಾ ಅಂತ ಕೇಳುತ್ತಿದ್ದೆ. ನಮ್ಮ ಕಡೆ ಗಂಡನನ್ನು ಮಾವ ಎಂದೇ ಕರೆಯುವುದು. ಗೊತ್ತಾಗಾಕಿಲ್ಲ ಅನ್ನುವರು. ಅಲ್ಲಿ ಸ್ಪರ್ಶವೇ ಇರಲಿಲ್ಲ. ತಿಂಗಳುಗಟ್ಟಲೆ ಹೀಗೆ ಮಾಡಿದ ಮೇಲೆ ಒಂದು ದಿನ ಆ ಕೈಯನ್ನು ನೋಡುತ್ತಲೇ ನೀವುತ್ತಿದ್ದೇನೆ ಅನ್ನುವುದು ಗಮನಕ್ಕೆ ಬಂತು. ಹೇಸಿಗೆ ಪೂರ್ತಿ ಹೋಯಿತು ಅಂದರೆ ಸುಳ್ಳು. ಅಭ್ಯಾಸವಾಯಿತು.

ಹೋಗದೆ ಉಳಿದದ್ದು ಹಸಿಮೀನಿನ ಮೇಲಿನದು. ಹೊಟ್ಟೆ ಸೀಳಿದರೆ ಒಳಗಿನ ಹಸಿರು ಪಿತ್ತ ಕಂಡು ವಾಕರಿಕೆ. ಕೊನೆಗೆ ಅವರೇ ಮೀನು ಸ್ವಚ್ಛ ಮಾಡಲು ಕೂತರು. ಬಾಗಿದ ಬೆರಳುಗಳಲ್ಲಿ ಮೀನು ಜಾರದೆ ನಿಲ್ಲುತ್ತಿತ್ತು, ಎಡಗೈಯಲ್ಲಿ ಕತ್ತಿ. ಖಾರ ಹಚ್ಚುವುದು, ಹುರಿಯುವುದು ನಾನು. ಗಿರಾಕಿಗಳಿಗೆ ಕಾಣದ ಹಾಗೆ ಅವರು ಚಪ್ಪರದ ಹಿಂದೆ ಕೂರುತ್ತಿದ್ದರು. ಹಾಗೆ ಕೂರಿ ಅಂತ ನಾನು ಹೇಳಿರಲಿಲ್ಲ.

ಭಾವನ ಮನೆಯಲ್ಲಿ ಮಗಳ ಮದುವೆಯಾಯಿತು. ಪಂಕ್ತಿಯಲ್ಲಿ ಭಾವ ತಾವೇ ಬಡಿಸುತ್ತಾ ಬಂದರು. ನನ್ನ ಎಲೆಯ ಹತ್ತಿರ ಬಂದವರು ಒಂದು ಕ್ಷಣ ನಿಂತರು. ಆಮೇಲೆ ಲಾಡು ಹಿಡಿದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಪಕ್ಕದಲ್ಲಿದ್ದ ನನ್ನ ಓರಗಿತ್ತಿಗೆ "ನೀನ್ ಬಡ್ಸು" ಅಂತ ತಟ್ಟೆ ಕೊಟ್ಟು ಮುಂದೆ ಹೋದರು. ಅವರ ಉಗುರು ಕತ್ತರಿಸಿ ಬೆಳ್ಳಗೆ ಉಜ್ಜಿದ್ದು ಕಂಡಿತು. ಲಾಡು ತಿಂದೆ.

ಮರುವರ್ಷ ತೋರಿಸಿಕೊಂಡು ಬರಲು ಸೇಲಂಗೆ ಹೋದಾಗ ಡಾಕ್ಟರು ಕೈ ಮಡಚಿ ಬಿಡಿಸಿ ನೋಡಿ, "ಪರವಾಯಿಲ್ಲೆ" ಅಂದರು. ವಾರ್ಡಿನ ಕೊನೆಯಲ್ಲಿ ಗಾಜಿನ ಬಾಗಿಲಿನ ಒಂದು ಸಣ್ಣ ಕೋಣೆ ಹೊಸದಾಗಿ ಮಾಡಿಸಿದ್ದರು. ಒಳಗೆ ಕತ್ತು ಸುಟ್ಟು ಗಲ್ಲ ಎದೆಗೆ ಅಂಟಿಕೊಂಡಿದ್ದ ಒಬ್ಬ ಹೆಂಗಸು ಮಲಗಿದ್ದಳು. ಅವಳಿಗೂ ಅದೇ ತೊಗಲು ಹಾಕಿದ್ದರು, ಹಿಡಿದಿತ್ತು. ತಲೆ ಎತ್ತಿ ಮಲಗಿದ್ದಳು, ಕತ್ತಿನ ಮೇಲೆ ಬಣ್ಣ ಚೆನ್ನಾಗಿತ್ತು. ಅಂದರೆ ಆ ತೊಗಲು ಕೆಟ್ಟದ್ದಾಗಿರಲಿಲ್ಲ. ಇದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ನಾನು ಮುಖ ತಿರುಗಿಸಿಕೊಂಡು ಈಚೆ ಬಂದೆ.

ಅವಳ ತಾಯಿ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಕಾರಿಮಂಗಲದ ಕಡೆಯವಳು, ನಮ್ಮ ಮಾತೇ ಆಡುತ್ತಿದ್ದಳು. "ನಿಮ್ಗೂ ಇದ್ನೇ ಆಕಿದ್ರಾ?" ಅಂತ ನನ್ನ ಗಂಡನನ್ನು ಕೇಳಿದಳು.

"ಹೂಂ ಕಣಮ್ಮ. ನಂಗ್ ನಿಲ್ನಿಲ್ಲ. ಯಾರ್ನೂ ಒಳಿಕ್ ಬುಡ್ಬ್ಯಾಡ. ಸ್ವಂತ ಅಣ್ಣ ತಮ್ಮ ಬಂದ್ರೂ ಬುಡ್ಬ್ಯಾಡ. ನೋಡು" ಅಂತ ಟವೆಲು ಸರಿಸಿ ಕೈ ಚಾಚಿದರು.

ಅವಳು ನೋಡಿದಳು. ನೋಡುತ್ತಿದ್ದಂತೆ ಸೆರಗಿನ ತುದಿ ಮೂಗಿಗೆ ಹೋಯಿತು. ಅಲ್ಲಿ ಯಾವ ವಾಸನೆಯೂ ಇರಲಿಲ್ಲ, ಆಸ್ಪತ್ರೆಯ ಫಿನಾಯಿಲು ಬಿಟ್ಟರೆ. ನನ್ನ ಗಂಡ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳು ಸರಿಯಾಗಿ ನೋಡಿಕೊಳ್ಳಲಿ ಅನ್ನುವಂತೆ ಹಾಗೇ ಹಿಡಿದಿದ್ದರು. ಅವಳು ತಲೆಯಾಡಿಸಿ, ಎದ್ದು ಹೋಗಿ ಗಾಜಿನ ಬಾಗಿಲಿಗೆ ಅಡ್ಡವಾಗಿ ಬೆನ್ನು ಕೊಟ್ಟು ನಿಂತಳು.